ಎಸ್ಟೀಮ್ ಗಂಟಲಿನ ಕನ್ನಡಿ

ನಾನು ಎಂಜಿನ್ ರಿಪೇರಿ ಮಾಡಿಕೊಟ್ಟ ಅಂಬಾಸಿಡರ್ ಒಂದಕ್ಕೆ ಯಲಹಂಕದ ವಾಯುನೆಲೆಯ ಪಕ್ಕದ ರಸ್ತೆಯಲ್ಲಿ ಯುದ್ಧವಿಮಾನವೇ ಸೈಡ್ ಕೊಟ್ಟಿದೆ. ಏರ್ ಶೋ ನಡೆಯುತ್ತಿದ್ದ ವಾರ ಅದು. ವಿಮಾನ ತೀರಾ ತಗ್ಗಿನಲ್ಲಿ ಬಂತು. ಹಿಂದಿನಿಂದ ನಮ್ಮ ಅಂಬಾಸಿಡರ್ ಹಾರ್ನ್ ಹೊಡೆಯಿತು. ಪೈಲಟ್ ತಿರುಗಿ ನೋಡಿ, ಹೋಗಿ ಸ್ವಾಮಿ ಎಂದು ಕೈಸನ್ನೆ ಮಾಡಿ, ರೆಕ್ಕೆ ಓರೆ ಮಾಡಿಕೊಂಡು ಪಕ್ಕಕ್ಕೆ ಸರಿದ. ಕಾರಿನೊಳಗೆ ಮದುವೆಗಂಡು ಕೂತಿದ್ದ. ಅವನು ಛತ್ರಕ್ಕೆ ಎಷ್ಟು ಬೇಗ ಮುಟ್ಟಿದನೆಂದರೆ, ಅಲ್ಲಿ ಹಿಂದಿನ ಮದುವೆಯವರು ಇನ್ನೂ ಊಟಕ್ಕೆ ಕೂತಿದ್ದರು. ನಂಬಿಕೆ ಬರದಿದ್ದರೆ ಅಟ್ಟೂರಿಗೆ ಬಂದು ಯಾರನ್ನಾದರೂ ಕೇಳಿ. ನಮ್ಮಮ್ಮ ಮುನಿಯಲ್ಲಮ್ಮನನ್ನು ಮಾತ್ರ ಕೇಳಬೇಡಿ. ಆಕೆಗೆ ಎಂಜಿನ್ ವಿಷಯ ತಿಳಿಯದು, ನನ್ನ ವಿಷಯ ತುಂಬಾ ತಿಳಿಯುತ್ತದೆ.

ನನ್ನ ಹೆಸರು ಮಹೇಂದ್ರ. ನಮ್ಮಪ್ಪ ದ್ರಾಕ್ಷಿ ಬೆಳೆಯುತ್ತಿದ್ದ ಜಾಗವೆಲ್ಲ ಲೇಔಟ್ ಆಗಿ, ಸೈಟ್ ಆಗಿ, ಮೂರಂತಸ್ತಿನ ಮನೆಗಳಾಗಿ, ಕೊನೆಗೆ ಪಂಪ್‌ಹೌಸ್ ಇದ್ದ ಮೂಲೆಯೊಂದು ಉಳಿಯಿತು. ಅದೇ ನನ್ನ ಗ್ಯಾರೇಜು. ಹೆಬ್ಬಾಳದ ಫ್ಲೈಓವರ್ ಮೇಲೆ ಕೆಟ್ಟು ನಿಂತ ಗಾಡಿಗಳು ನನ್ನ ಹೆಸರು ಕೇಳಿದರೆ ತಾವಾಗಿಯೇ ಸ್ಟಾರ್ಟ್ ಆಗುತ್ತವೆ. ಬಾನೆಟ್ ತೆಗೆಯದೆ, ಬಾಗಿಲಿಗೆ ಕಿವಿಕೊಟ್ಟು, ಒಳಗೆ ಯಾವ ಟ್ಯಾಪೆಟ್ ಮುನಿಸಿಕೊಂಡಿದೆ, ಯಾಕೆ ಮುನಿಸಿಕೊಂಡಿದೆ ಎಂದು ಹೇಳಬಲ್ಲೆ. ಇಂಥ ನನ್ನನ್ನು ಬಿಟ್ಟು ಬಾಲರಾಜ ಇನ್ನೊಬ್ಬನ ಹತ್ತಿರ ಹೋದ.

ಬಾಲರಾಜ ಯಾರೆಂದು ಹೇಳಬೇಕು. ಯಲಹಂಕದ ಹೈಸ್ಕೂಲಿನಲ್ಲಿ ಒಂದೇ ಬೆಂಚು, ಒಂದೇ ಟಿಫನ್ ಬಾಕ್ಸು, ಒಂದೇ ವಿಷಯದಲ್ಲಿ ಫೇಲು. ಈಗ ಸಹಕಾರನಗರದಲ್ಲಿ ಅವನದು ಫ್ಲೆಕ್ಸ್ ಪ್ರಿಂಟ್ ಹಾಕುವ ಅಂಗಡಿ. ಅವನ ಹತ್ತಿರ ಮಾವನ ಕಾಲದ ಒಂದು ಹಳೇ ಎಸ್ಟೀಮ್ ಕಾರು ಇದೆ. ಕಾರ್ಬುರೇಟರ್ ಕಾಲದ್ದು, ಬಿಳಿ ಬಣ್ಣ. ಅದು ನಮ್ಮ ಕೈಗೆ ಬಂದ ದಿನದಿಂದ ಅದರ ಬಾನೆಟ್ ಎತ್ತಿದವನು ನಾನೊಬ್ಬನೇ. ಒಮ್ಮೆ ಸರ್ವೀಸ್ ಸ್ಟೇಷನ್‌ನವನು ವೈಪರ್‌ಗೆ ನೀರು ತುಂಬಿಸಲು ಎತ್ತಿದ್ದಕ್ಕೆ ಆ ಗಾಡಿ ಒಂದು ವಾರ ನನ್ನ ಮುಖ ನೋಡಲಿಲ್ಲ.

ಬಾಲರಾಜನಿಗೆ ಇರುವ ಒಂದೇ ಚಟವೆಂದರೆ ಆಟೋಕ್ರಾಸ್. ದೊಡ್ಡಬಳ್ಳಾಪುರದ ದಾರಿಯಲ್ಲಿ ಖಾಲಿ ಬಿದ್ದ ಜಮೀನೊಂದರಲ್ಲಿ ಮಣ್ಣಿನ ದಾರಿ ಮಾಡಿ, ಅಲ್ಲಲ್ಲಿ ಕಂಬ ನೆಟ್ಟಿರುತ್ತಾರೆ. ಒಬ್ಬೊಬ್ಬರಾಗಿ ಗಾಡಿ ಓಡಿಸಬೇಕು. ಕಂಬ ಬೀಳಿಸದೆ ಯಾರು ಬೇಗ ಸುತ್ತಿ ಬರುತ್ತಾರೋ ಅವರು ಗೆದ್ದಂತೆ. ಅಲ್ಲಿ ನೇರ ಓಡುವ ಜಾಗವೇ ಇಲ್ಲ, ಬರೀ ತಿರುವು. ತಿರುವಿನಿಂದ ಹೊರಬೀಳುವಾಗ ಗಾಡಿ ಚಕ್ಕನೆ ಎಗರಬೇಕು. ಹೋದ ಸಲ ಆರ್.ಟಿ. ನಗರದ ನಾಸಿರ್ ಎಂಬ ಸೀಟ್ ಕವರ್ ಅಂಗಡಿಯವನು ತನ್ನ ಹಳೇ ಜೆನ್ ಕಾರಿನಲ್ಲಿ ಬಾಲರಾಜನನ್ನು ಸೋಲಿಸಿದ. ಸೋಲಿಸಿದ್ದಲ್ಲದೆ ಚಹಾ ಕುಡಿಸಿದ. ಅದು ಬಾಲರಾಜನಿಗೆ ಸೋಲಿಗಿಂತ ಕಹಿಯಾಯಿತು.

ಮರುವಾರ ಬಾಲರಾಜ ಗ್ಯಾರೇಜಿಗೆ ಬಂದ. ಯಾವಾಗಲೂ ಹಳೇ ಟೈರಿನ ಮೇಲೆ ಕೂರುವವನು ಅಂದು ನಿಂತೇ ಇದ್ದ.

"ಮಗಾ, ಮ್ಯಾನಿಫೋಲ್ಡ್ ಬಿಚ್ಬೇಕಿತ್ತು."

"ಯಾಕೋ, ಲೀಕಾ?"

"ಲೀಕಲ್ಲ... ವಿದ್ಯಾರಣ್ಯಪುರದ ಹತ್ರ ಸಿಂಗಾಪುರ ಇಲ್ವಾ, ಅಲ್ಲಿ ವಿರೂಪಾಕ್ಷ ಅಂತ ಒಬ್ರು ಇದಾರಂತೆ. ಗದಗ ಕಡೆಯೋರು. ನಾಸಿರ್ ಗಾಡೀದು ಅವ್ರೇ ಮಾಡಿರೋದು. ಒಳಗೆಲ್ಲಾ ಉಜ್ಜಿ ಸರಿ ಮಾಡಿ ಕೊಡ್ತಾರಂತೆ. ಪಿಕಪ್ಪು ಬೇರೇನೇ ಆಗ್ಬಿಡುತ್ತಂತೆ."

"ನಾನ್ ಮಾಡ್ತಿರ್ಲಿಲ್ವಾ?"

"ನಿಂಗ್ಯಾಕೆ ತೊಂದ್ರೆ ಅಂತ ಕಣೋ."

ತೊಂದರೆ! ಆ ಮಾತಿಗೆ ನನ್ನ ಹೊಟ್ಟೆಯಲ್ಲಿ ಎದ್ದ ಉರಿಗೆ ಅಟ್ಟೂರು ಕೆರೆಯ ನೀರು ಕುದಿದು ಮೀನುಗಳು ದಡಕ್ಕೆ ಬಂದು ಕೂತವು. ಆದರೂ ನಕ್ಕೆ. ಬಾನೆಟ್ ಎತ್ತಿದೆ. ಮ್ಯಾನಿಫೋಲ್ಡ್ ಎಂದರೆ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಕಾರ್ಬುರೇಟರಿನಿಂದ ಗಾಳಿ ಪೆಟ್ರೋಲಿನ ಬೆರಕೆಯನ್ನು ನಾಲ್ಕು ಸಿಲಿಂಡರಿಗೂ ಹಂಚಿಕೊಡುವ, ನಾಲ್ಕು ಬೆರಳಿನ ಕೈಯಂಥ ಅಲ್ಯೂಮಿನಿಯಂ ಕೊಳವೆ ಅದು. ಎಂಜಿನ್ನಿನ ಗಂಟಲು ಎನ್ನಿ. ಅಚ್ಚು ಹೊಯ್ದ ಲೋಹವಾದ್ದರಿಂದ ಒಳಗೆ ಉಬ್ಬುತಗ್ಗು ಇರುತ್ತದೆ. ಅದನ್ನು ತಿದ್ದಿದರೆ ಎಂಜಿನ್ ಚೆನ್ನಾಗಿ ಉಸಿರಾಡುತ್ತದೆ. ಇದೇನು ಬ್ರಹ್ಮವಿದ್ಯೆಯಲ್ಲ. ನಾನು ನಿದ್ದೆಯಲ್ಲೇ ಇಂಥವನ್ನು ನೂರಾರು ಮಾಡಿದ್ದೇನೆ. ಎಚ್ಚರದಲ್ಲಿ ಮಾಡಿರಲಿಲ್ಲ, ಅಷ್ಟೆ.

ಬಿಚ್ಚಿ ಗೋಣಿಚೀಲದಲ್ಲಿ ಸುತ್ತಿದೆ. ಬಾಲರಾಜ ಒಬ್ಬನೇ ಹೋಗಲು ಹೊರಟ. ನಾನೂ ಹಿಂದೆ ಬೈಕ್ ಹತ್ತಿದೆ. ಹೆಂಡತಿ ತವರಿಗೆ ಹೋಗುವಾಗ ಬಸ್‌ಸ್ಟ್ಯಾಂಡ್‌ವರೆಗೆ ಬಿಡಲು ಹೋಗುವುದಿಲ್ಲವೇ, ಹಾಗೆ ಮಡಿಲಲ್ಲಿ ಮ್ಯಾನಿಫೋಲ್ಡ್ ಇಟ್ಟುಕೊಂಡು ಕೂತಿದ್ದೆ.

ವಿರೂಪಾಕ್ಷನ ಅಂಗಡಿ ಸಿಂಗಾಪುರದ ಕೆರೆ ಕಡೆಯ ರಸ್ತೆಯಲ್ಲಿತ್ತು. ಒಳಗೆ ಹೋದರೆ ಒಂದು ತೊಟ್ಟು ಎಣ್ಣೆಯ ಕಲೆಯಿಲ್ಲ. ಎಣ್ಣೆಯಿಲ್ಲದ ಗ್ಯಾರೇಜು ಗ್ಯಾರೇಜಾ? ಆಸಾಮಿ ಇಸ್ತ್ರಿ ಮಾಡಿದ ಅಂಗಿ ಹಾಕಿ, ತೋಳು ಮಡಿಸಿ, ಹಣೆಗೆ ವಿಭೂತಿ ಬಳಿದು ನಿಂತಿದ್ದ. ಡಿಪ್ಲೊಮಾ ಓದಿ, ಪೀಣ್ಯದ ಕಾರ್ಖಾನೆಯಲ್ಲಿ ದುಡಿದು ಬಂದವನಂತೆ. ಆ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ದೇವರ ಫೋಟೋಕ್ಕಿಂತ ಒಂದು ಗೇಣು ಮೇಲೆ ನೇತುಹಾಕಿದ್ದ.

"ಬರ್ರಿ, ಕುಂದರ್ರಿ," ಎಂದು ಹೇಳಿ, ಗೋಣಿ ಬಿಚ್ಚಿ, ಮ್ಯಾನಿಫೋಲ್ಡನ್ನು ಬೆಳಕಿಗೆ ಹಿಡಿದ. "ಯಾರ್ ಬಿಚ್ಚೀರ್ರಿ ಇದನ್ನ?"

"ನಾನು," ಎಂದೆ, ಜಗಳಕ್ಕೆ ಸಿದ್ಧನಾಗಿ.

"ಭಾಳ ಚಲೋ ಕೈ ಐತ್ರಿ ಅಣ್ಣಾರ ನಿಮ್ದು. ಒಂದ್ ಗೀರು ಸುದ್ದಾ ಬಿದ್ದಿಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೊಗಳಿದ. ಬಾಲರಾಜ ಆ ಹೊಗಳಿಕೆಗೆ ತಾನೇ ಉಬ್ಬಿ, "ಹೇಳ್ಲಿಲ್ವಾ ಮಗಾ, ಒಳ್ಳೇ ಮನುಷ್ಯ ಅಂತ," ಎಂದು ನನ್ನ ತೊಡೆ ತಟ್ಟಿದ. ಆಮೇಲೆ ಇಬ್ಬರೂ ಮಾತಿಗೆ ಕೂತರು. ಎಂಜಿನ್ ಉಸಿರು, ಗಾಳಿಯ ವೇಗ, ತಿರುವಿನ ಪಿಕಪ್ಪು. ಬಾಲರಾಜ ನನ್ನ ಹತ್ತಿರ ಯಾವತ್ತೂ ಗಾಳಿಯ ವೇಗದ ಬಗ್ಗೆ ಮಾತಾಡಿದವನಲ್ಲ. ನಾವಿಬ್ಬರೂ ಸೇರಿದರೆ ಬಿರಿಯಾನಿಯ ಬಗ್ಗೆ ಮಾತಾಡುತ್ತಿದ್ದೆವು.

ವಾಪಸು ಬರುವಾಗ ವಿದ್ಯಾರಣ್ಯಪುರದ ಸಿಗ್ನಲ್ಲಿನಲ್ಲಿ ನಿಂತಾಗ ಅವನು ಹೆಲ್ಮೆಟ್ಟಿನೊಳಗಿಂದಲೇ ಹೇಳಿದ: "ಈ ಸಲ ನಾಸಿರ್‌ನ ಹೊಡೆದ್ರೆ ಮಗಾ, ಎಂಜಿನ್ ಪೂರ್ತಿ ವಿರೂಪಾಕ್ಷ ಅವ್ರಿಗೇ ಬಿಟ್ಬಿಡೋಣ ಅಂತಿದೀನಿ. ನೀನೂ ಪಾಪ ಎಷ್ಟೂ ಅಂತ ಮಾಡ್ತೀಯಾ."

ಸಿಗ್ನಲ್ ಹಸಿರಾಯಿತು. ನನಗೆ ಮಾತ್ರ ಮನೆ ಸೇರುವವರೆಗೂ ಕೆಂಪೇ ಕಾಣುತ್ತಿತ್ತು.

ಮನೆಯಲ್ಲಿ ಹೆಂಡತಿ ವನಿತಾಗೆ ಎಲ್ಲವನ್ನೂ ಹೇಳಿದೆ. ಆ ವಿರೂಪಾಕ್ಷ ಎಂಥ ಜಂಭದವನು, ಸರ್ಟಿಫಿಕೇಟು ಎಷ್ಟು ದೊಡ್ಡದು, ಗೋಡೆ ಭಾರಕ್ಕೆ ವಾಲಿದೆ, ಅಂಗಿಯ ಇಸ್ತ್ರಿಯಲ್ಲಿ ತರಕಾರಿ ಹೆಚ್ಚಬಹುದು ಎಂದೆಲ್ಲ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತ ಕೇಳಿದಳು.

"ಅವ್ರು ಜಾಸ್ತಿ ಮಾತಾಡ್ತಾರಾ?"

"ಇಲ್ಲ, ಕೆಲ್ಸದ್ದು ಬಿಟ್ರೆ ಮಾತೇ ಆಡಲ್ಲ, ಮಳ್ಳ."

"ಅಯ್ಯೋ, ಪುಣ್ಯಾತ್ಮ. ಎಲ್ಲಿರೋದು ಅಂದ್ರಿ?"

ಅಂದಿನಿಂದ ಮ್ಯಾನಿಫೋಲ್ಡ್ ವಾಪಸು ಬರುವವರೆಗೆ ನಾನು ಸರಿಯಾಗಿ ಊಟ ಮಾಡಲಿಲ್ಲ. ಮುದ್ದೆ ಎರಡೇ ತಿನ್ನುತ್ತಿದ್ದೆ.

ಆಟೋಕ್ರಾಸ್ ಭಾನುವಾರ. ಶುಕ್ರವಾರ ಸಂಜೆ ಬಾಲರಾಜ ಮ್ಯಾನಿಫೋಲ್ಡ್ ತಂದ. ಹಸುಗೂಸನ್ನು ತರುವಂತೆ ಟವೆಲಿನಲ್ಲಿ ಸುತ್ತಿ ತಂದ. "ಹುಷಾರು ಕಣೋ. ನಾಳೆ ನಿಧಾನಕ್ಕೆ ಕೂರಿಸು. ಅವ್ರು ಹೆಂಗ್ ಕೊಟ್ಟಿದಾರೋ ಹಂಗೇ ಕೂರಿಸ್ಬೇಕಂತೆ," ಎಂದ. ನನಗೆ, ಮಹೇಂದ್ರನಿಗೆ, ಹುಷಾರು ಎಂದ. ಹೋಗುವ ಮುಂಚೆ ಟವೆಲಿನ ಮೇಲಿನಿಂದಲೇ ಅದನ್ನು ಒಮ್ಮೆ ಸವರಿದ. ನಾನು ಕಣ್ಣಾರೆ ಕಂಡೆ.

ಅವನು ಹೋದಮೇಲೆ ಟವೆಲ್ ಬಿಚ್ಚಿ, ಕೊಳವೆಯ ಬಾಯಿಗೆ ಬೆರಳು ಹಾಕಿದೆ. ಎದೆ ಧಸಕ್ಕೆಂದಿತು, ಸಂತೋಷಕ್ಕೆ! ಒಳಗೆ ಒರಟು. ಬೆಕ್ಕಿನ ನಾಲಿಗೆಯ ಹಾಗೆ ಗರಗರ. ಉಬ್ಬುತಗ್ಗೇನೋ ತೆಗೆದಿದ್ದಾನೆ, ತಿರುವುಗಳನ್ನು ತಿದ್ದಿದ್ದಾನೆ, ಆದರೆ ಹೊಳಪು ಕೊಟ್ಟಿಲ್ಲ. ಇಷ್ಟು ದೊಡ್ಡ ಸರ್ಟಿಫಿಕೇಟು, ಇಷ್ಟು ಕಡಕ್ ಇಸ್ತ್ರಿ, ಕೆಲಸ ಮಾತ್ರ ಅರ್ಧಕ್ಕೆ ಬಿಟ್ಟಿದ್ದಾನೆ. ಮನೆ ಕಟ್ಟಿ ಸುಣ್ಣ ಹೊಡೆಯದೆ ಗೃಹಪ್ರವೇಶ ಮಾಡಿದವನ ಹಾಗೆ.

ಶನಿವಾರ ಬೆಳಗ್ಗೆ ಗ್ಯಾರೇಜಿನ ಷಟರ್ ಅರ್ಧ ಎಳೆದುಕೊಂಡು ಕೂತೆ. ಗ್ರೈಂಡರ್ ಹಿಡಿದು ಮೊದಲು ಬಾಯಿ ಅಗಲ ಮಾಡಿದೆ. ದೊಡ್ಡ ಬಾಗಿಲಿದ್ದರೆ ಹೆಚ್ಚು ಜನ ಬರುವುದಿಲ್ಲವೇ, ಗಾಳಿಯೂ ಹಾಗೇ. ಆಮೇಲೆ ಒರಟು ಎಮರಿ ಕಾಗದ, ಆಮೇಲೆ ನಯವಾದ ಎಮರಿ, ಆಮೇಲೆ ಪಾಲಿಶ್ ಪೇಸ್ಟು, ಕೊನೆಗೆ ಮೆತ್ತನೆಯ ಹಳೇ ಸೀರೆಯ ತುಂಡು. ನನ್ನ ಕೈಚಳಕದ ಸದ್ದಿಗೆ ಪಕ್ಕದ ಲೇಔಟಿನ ನಾಯಿಗಳು ಬೊಗಳುವುದು ನಿಲ್ಲಿಸಿ ಸಾಲಾಗಿ ಕೂತು ಕೇಳಿದವು.

ಮಧ್ಯಾಹ್ನ ಅಮ್ಮ ಷಟರ್ ಕೆಳಗಿಂದ ಬಗ್ಗಿ ಇಣುಕಿದಳು.

"ಏನ್ಲಾ ಮಯೇಂದ್ರ, ಇಂಗ್ಯಾಕ್ಲಾ ಬಾಗ್ಲಾಕ್ಕೊಂಡ್ ಕುಂತಿದ್ದೀಯ? ಉಣ್ಣಾಕ್ ಬರಕ್ಕಿಲ್ವಾ?"

"ಕೆಲ್ಸ ಐತಮ್ಮ. ಬಾಲರಾಜನ ಗಾಡೀದು."

"ಅದೇನು ಪೈಪು? ಒಳ್ಗಡೀಕೆಲ್ಲಾ ಯಾಕ್ಲಾ ತಿಕ್ತಿದ್ದೀಯ? ಒಳ್ಗೆ ಒಳಪು ಮಾಡಿ ಯಾರಿಗ್ಲಾ ತೋರುಸ್ಬೇಕು?"

"ಗಾಳೀಗಮ್ಮ."

"ಗಾಳೀಗೆ!" ಎಂದು ಅಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ನನ್ನನ್ನು ನೋಡಿದಳು. "ಅಂಗೇ ನಿನ್ ಮೂತೀನೂ ವಸಿ ತಿಕ್ಕೋ. ನಿನ್ನೆಯಿಂದ ಯಾರ್ನೋ ಸುಟ್ಟಾಕೋನಂಗೆ ಓಡಾಡ್ತಿದ್ದೀಯ."

ಸಂಜೆಯ ಹೊತ್ತಿಗೆ ಕೊಳವೆಯೊಳಗೆ ನನ್ನ ಮೀಸೆ ಕಾಣುತ್ತಿತ್ತು. ಮೀಸೆಯಲ್ಲಿ ಬೆಳ್ಳಗಾದ ಕೂದಲೂ ಕಾಣುತ್ತಿತ್ತು. ಅದನ್ನು ಎಂಜಿನ್ನಿಗೆ ಕೂರಿಸಿ, ಕಾರ್ಬುರೇಟರ್ ಹೊಂದಿಸಿ, ಸ್ಟಾರ್ಟ್ ಮಾಡಿದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಹೊರಟ ಗರ್ಜನೆಗೆ ಯಲಹಂಕ ಉಪನಗರದ ಅಷ್ಟೂ ಪ್ರೆಷರ್ ಕುಕ್ಕರುಗಳು ಒಟ್ಟಿಗೆ ಸೀಟಿ ಹೊಡೆದವು.

ನನ್ನ ಲೆಕ್ಕಾಚಾರ ಸರಳ. ಬಾಲರಾಜ ಗೆದ್ದರೆ, ಎಲ್ಲರ ಮುಂದೆ ಗಂಟಲು ಸರಿಪಡಿಸಿಕೊಂಡು, "ಆ ಅರೆಬರೆ ಕೆಲಸವನ್ನು ಪೂರ್ತಿ ಮಾಡಿದ್ದು ಯಾರು ಗೊತ್ತಾ?" ಎಂದು ಕೇಳುವುದು. ಸೋತರೆ ಸುಮ್ಮನಿರುವುದು. ಮ್ಯಾನಿಫೋಲ್ಡ್ ವಿರೂಪಾಕ್ಷನದು, ಸೋಲೂ ವಿರೂಪಾಕ್ಷನದು.

ಭಾನುವಾರ ಬೆಳಗ್ಗೆ ದೊಡ್ಡಬಳ್ಳಾಪುರದ ರಸ್ತೆಯಲ್ಲಿ ಎಸ್ಟೀಮ್ ಹಾರಿತು. ರಾಜಾನುಕುಂಟೆ ದಾಟಿದ್ದು ನಮಗೆ ಗೊತ್ತೇ ಆಗಲಿಲ್ಲ. ರಾಜಾನುಕುಂಟೆಗೂ ಗೊತ್ತಾಗಲಿಲ್ಲ. ಬಾಲರಾಜನ ಮುಖ ಹೋಳಿಗೆಯಷ್ಟಗಲವಾಗಿತ್ತು. ಒಂದು ಕಡೆ ಹಂಪ್ ದಾಟಿ ಮತ್ತೆ ಎತ್ತುವಾಗ ಗಾಡಿ ಮಾತ್ರ 'ಖಳ್' ಎಂದು ಕೆಮ್ಮಿ, ಆಮೇಲೆ ಓಡಿತು.

"ಏನೋ ಮಗಾ ಅದು, ಕೆಮ್ಮಿದಂಗಾಯ್ತು?"

"ಹೊಸದಲ್ವಾ ಗುರು. ಹೊಂದ್ಕೋಬೇಕು."

ಮೈದಾನದಲ್ಲಿ ಕೆಂಪು ಧೂಳು, ಗೊಜ್ಜವಲಕ್ಕಿ, ಪ್ಲಾಸ್ಟಿಕ್ ಕುರ್ಚಿ, ಗಾಡಿಗಿಂತ ಹೆಚ್ಚು ಸದ್ದು ಮಾಡುವ ಹುಡುಗರು. ವಿರೂಪಾಕ್ಷನೂ ಬಂದಿದ್ದ. ಅದೇ ಇಸ್ತ್ರಿ. ಇವನ ಕೆಲಸ ನೋಡಲು ಯಶವಂತಪುರದಿಂದ ಬಂದಿದ್ದ ಹೊಸ ಗಿರಾಕಿಗಳು ಸುತ್ತ ನಿಂತಿದ್ದರು. ಬಾಲರಾಜ ಅವನಿಗೆ ದೂರದಿಂದಲೇ ಕೈ ಎತ್ತಿ ಹೆಬ್ಬೆರಳು ತೋರಿಸಿದ. ನನಗೆ ತೋರಿಸಲಿಲ್ಲ.

ನಾಸಿರ್ ತನ್ನ ಜೆನ್‌ನಲ್ಲಿ ಸುತ್ತಿ ಬಂದ. ತಿರುವಿನಿಂದ ತಿರುವಿಗೆ ಅದು ಮೇಕೆಮರಿ ಹಾಗೆ ಎಗರುತ್ತಿತ್ತು. ಆಮೇಲೆ ನಮ್ಮ ಎಸ್ಟೀಮ್. ಬಾವುಟ ಬಿತ್ತು. ಮೊದಲ ತಿರುವಿನವರೆಗೆ ಬಂದದ್ದು ಗಾಡಿಯಲ್ಲ, ಸಿಡಿಲು. ತಿರುವಿನಲ್ಲಿ ಬಾಲರಾಜ ವೇಗ ಇಳಿಸಿದ. ಮತ್ತೆ ಕಾಲು ಒತ್ತಿದ. ಗಾಡಿ 'ಖಳ್ ಖಳ್' ಎಂದಿತು. ಯೋಚಿಸಿತು. ಹೋಗಲೋ ಬೇಡವೋ ಎಂದು ಹಿರಿಯರನ್ನು ಕೇಳಿಕೊಂಡು ಬಂದಂತೆ ತಡಮಾಡಿ, ಆಮೇಲೆ ಎದ್ದಿತು. ಎರಡನೇ ತಿರುವಿನಲ್ಲೂ ಹಾಗೇ, ಮೂರನೆಯದರಲ್ಲೂ ಹಾಗೇ. ಕೊನೆಯ ಕಂಬದ ಹತ್ತಿರ ನಿಂತೇಹೋಯಿತು. ಹುಡುಗರು, "ಅಣ್ಣಾ, ತಳ್ಬೇಕಾ?" ಎಂದು ಕೂಗಿದರು.

ಬಾಲರಾಜ ಗಾಡಿ ತಂದು ನಿಲ್ಲಿಸಿ, ಹೆಲ್ಮೆಟ್ ತೆಗೆದು ಸೀಟಿನ ಮೇಲೆ ಎಸೆದ. ನಾಸಿರ್ ಚಹಾ ಹಿಡಿದು ನಿಂತಿದ್ದ. "ತಗೋ ಬಾಲರಾಜ್ ಭಾಯ್. ಈ ಸಲ ಸಕ್ರೆ ಜಾಸ್ತಿ ಹಾಕ್ಸಿದೀನಿ."

ಬಾಲರಾಜ ಅವನನ್ನು ದಾಟಿ ನೇರ ವಿರೂಪಾಕ್ಷನ ಮುಂದೆ ಹೋದ.

"ಏನ್ರೀ ಇದು? ನಾಸಿರ್‌ಗೆ ಒಂಥರಾ ಮಾಡ್ಕೊಡ್ತೀರಾ, ನಮಗೊಂಥರಾನಾ? ಇದ್ದ ಪಿಕಪ್ಪೂ ಹೋಯ್ತಲ್ರೀ! ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ಬೇಕು."

ಯಶವಂತಪುರದ ಗಿರಾಕಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಮೆಲ್ಲಗೆ ಜೇಬಿನಿಂದ ಬೈಕಿನ ಕೀ ತೆಗೆದ. ವಿರೂಪಾಕ್ಷನ ಮುಖದಲ್ಲಿ ವಿಭೂತಿಯೊಂದನ್ನು ಬಿಟ್ಟು ಬೇರೆಲ್ಲ ಕಪ್ಪಿಟ್ಟಿತು. ಆಹಾ! ಆ ಗಳಿಗೆಯಲ್ಲಿ ನನ್ನ ಎದೆಯೊಳಗೆ ಮೂರು ಬಗೆಯ ವಾದ್ಯದವರು ಬಂದು ಬಾರಿಸಿದರು. ಮುಖದಲ್ಲಿ ಮಾತ್ರ ಸಾವಿನ ಮನೆಗೆ ಬಂದವನ ಕಳೆ ಇಟ್ಟುಕೊಂಡಿದ್ದೆ.

"ಆ ಕೆಮ್ಮು ನನ್ನ ಕೆಲಸದ್ದಲ್ರಿ," ಎಂದ ವಿರೂಪಾಕ್ಷ. "ಮ್ಯಾನಿಫೋಲ್ಡ್ ತಗೀರಿ. ಇಲ್ಲೇ ತಗೀರಿ, ಎಲ್ಲಾರ ಮುಂದ."

ಒಳಗಿನ ವಾದ್ಯದವರು ತಟ್ಟನೆ ನಿಲ್ಲಿಸಿದರು.

"ಎಂಜಿನ್ ಬಿಸಿ ಐತೆ," ಎಂದೆ.

"ಆರ್ಲಿ, ಕಾಯಣ," ಎಂದ ನಾಸಿರ್. ಬಿಟ್ಟಿ ತಮಾಷೆ ಅವನಿಗೆ.

ಆರಿತು. ಅಷ್ಟು ಬೇಗ ಆರಿದ ಎಂಜಿನ್ನನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ.

"ಸ್ಪ್ಯಾನರ್ ತಂದಿಲ್ಲ," ಎಂದೆ. ನಾಲ್ಕೂ ಕಡೆಯಿಂದ ಸ್ಪ್ಯಾನರುಗಳು ಬಂದವು. ಗೊಜ್ಜವಲಕ್ಕಿ ಮಾರುವವನ ಹತ್ತಿರವೂ ಒಂದಿತ್ತು.

ವಿರೂಪಾಕ್ಷ ತೋಳು ಮಡಿಸುತ್ತ ಮುಂದೆ ಬಂದ. ಬಾಲರಾಜ ಅವನನ್ನು ತಡೆದ. "ನೀವ್ ಮುಟ್ಬೇಡಿ. ನೀನೇ ಬಿಚ್ಚೋ ಮಗಾ. ನನ್ ಗಾಡಿಗೆ ಇನ್ಮೇಲೆ ನಿನ್ ಬಿಟ್ಟು ಯಾರೂ ಕೈ ಹಾಕಂಗಿಲ್ಲ. ನನ್ನದೇ ತಪ್ಪು."

ಈ ಮಾತಿಗಾಗಿಯೇ ನಾನು ಅಷ್ಟು ದಿನ ಉರಿದದ್ದು. ಬಂದಾಗ ಸ್ಪ್ಯಾನರ್ ಎತ್ತಿಕೊಂಡು ಬಾನೆಟ್ಟಿನೊಳಗೆ ತಲೆ ತೂರಿಸಿದೆ. ಬೋಲ್ಟುಗಳನ್ನು ಬಿಚ್ಚುವಾಗ ಭಾಳ ಚಲೋ ಕೈ ಎನಿಸಿಕೊಂಡ ಕೈಯಿಂದಲೇ ಎರಡು ಸಲ ಸ್ಪ್ಯಾನರ್ ಜಾರಿತು.

ಮ್ಯಾನಿಫೋಲ್ಡ್ ಹೊರಬಂತು. ನಾಸಿರ್ ಮೊದಲು ಇಣುಕಿದ.

"ಯಪ್ಪಾ! ಏನ್ ಫಿನಿಶಿಂಗು! ನಂದೂ ಇವ್ರೇ ಮಾಡಿದ್ದು, ಹಿಂಗ್ ಹೊಳೀತಾ ಇರ್ಲಿಲ್ಲ. ಮುಖ ಕಾಣ್ತದೆ ನೋಡಿ ಭಾಯ್."

ವಿರೂಪಾಕ್ಷ ಬೆರಳು ಹಾಕಿ ಸವರಿದ. ಬಾಯಿಯ ಅಂಚಿನಲ್ಲಿ ಉಗುರು ಆಡಿಸಿದ. ಎಂಜಿನ್ನಿನ ಕಡೆಯ ತೂತನ್ನೂ ನೋಡಿದ.

"ಇದನ್ನ ನಾ ಮಾಡಿಲ್ರಿ."

"ಮತ್ತೆ? ದಾರೀಲಿ ತಾನೇ ಪಾಲಿಶ್ ಆಯ್ತಾ?" ಎಂದ ಬಾಲರಾಜ.

"ನಾ ಒಳಗ ಒರಟು ಬಿಟ್ಟಿದ್ದೆ, ಬೇಕಂತ ಬಿಟ್ಟಿದ್ದೆ. ಕಾರ್ಬುರೇಟರ್ ಗಾಡಿ ಇದು. ಪೆಟ್ರೋಲು ಇಬ್ಬನಿ ಹಂಗ ಒಳಗ ಹೋಗಬೇಕು. ಕನ್ನಡಿ ಹಂಗ ನುಣ್ಣಗ ಮಾಡಿದ್ರ ಗ್ವಾಡಿಗೆ ಅಂಟಿ ಕಾಲುವಿ ಹಂಗ ಹರೀತೈತಿ. ಎಂಜಿನ್ ಜೋರಾಗಿ ಎಳಿವಾಗ ನಡಿತೈತಿ, ತಿರುವಿನ್ಯಾಗ ನಿಧಾನ ಆದಾಗ ಕೆಮ್ಮತೈತಿ. ಮ್ಯಾಲೆ ಈ ಬಾಯಿ ನೋಡ್ರಿ. ಎಂಜಿನ್ ತೂತಿಗಿಂತ ಅಗಲ ಮಾಡ್ಯಾರ. ಬಂದ ಗಾಳಿ ಹೊಸ್ತಿಲಿಗೆ ಎಡವಿದಂಗ ಎಡವತೈತಿ."

"ಸಬೂಬು," ಎಂದ ಬಾಲರಾಜ. ಆದರೆ ದನಿ ಮೊದಲಿನಷ್ಟು ಗಟ್ಟಿಯಿರಲಿಲ್ಲ. "ನಿಮ್ ಅಂಗಡೀಲೇ ಯಾರಾದ್ರೂ ಮಾಡಿರ್ತಾರೆ."

ವಿರೂಪಾಕ್ಷ ಮ್ಯಾನಿಫೋಲ್ಡನ್ನು ಬಿಸಿಲಿಗೆ ಹಿಡಿದು ಮತ್ತೊಮ್ಮೆ ನೋಡಿದ. ಆಮೇಲೆ, ಯಾರನ್ನೂ ನೋಡದೆ, ತಾನೇ ತನಗೆ ಹೇಳಿಕೊಂಡಂತೆ ಹೇಳಿದ:

"ಇರಬೌದ್ರಿ. ಯಾರೋ ಕೆಲಸ ಬರಲಾರದವ ಡ್ರಿಲ್ಲಿಗೆ ಅರಿವಿ ಸುತ್ತಿ ಒಂದರ್ಧ ತಾಸಿನ್ಯಾಗ ಗಿರ್ರಂತ ತಿರುವಿ ಬಿಟ್ಟಾನ. ಅಡ್ಡಕಸಬಿ ಕೆಲಸ."

"ಅರ್ಧ ತಾಸಾ?"

ಆ ದನಿ ನನ್ನದೆಂದು ನನಗೆ ಗೊತ್ತಾಗುವಷ್ಟರಲ್ಲಿ ಉಳಿದದ್ದೂ ಹೊರಬಿದ್ದಿತ್ತು. "ಬೆಳಗ್ಗೆಯಿಂದ ಸಂಜೆವರ್ಗೂ ಕೂತು ತಿಕ್ಕಿದೀನ್ರೀ! ಊಟಕ್ಕೂ ಎದ್ದಿಲ್ಲ! ಡ್ರಿಲ್ಲಂತೆ, ಡ್ರಿಲ್ಲು! ಕೈಯಲ್ಲಿ, ಎಮರೀಲಿ, ಪೇಸ್ಟಲ್ಲಿ, ಅಮ್ಮನ್ ಸೀರೇಲಿ..."

ವಿರೂಪಾಕ್ಷ ಮ್ಯಾನಿಫೋಲ್ಡನ್ನು ಬಾನೆಟ್ಟಿನ ಅಂಚಿನ ಮೇಲೆ ಮೆಲ್ಲಗೆ ಇಟ್ಟ.

"ಹೌದ್ರಿ ಅಣ್ಣಾರ," ಎಂದ. "ಒಂದಿಡೀ ದಿನದ ಕೆಲಸ ಅದು. ನೋಡಿದ ಕೂಡ್ಲೆ ನನಗ ಗೊತ್ತಾತು." ಅರ್ಧ ತಾಸೆಂದದ್ದು ನನ್ನ ಬಾಯಿ ಬಿಡಿಸಲು ಬೇಕೆಂದೇ ಆಡಿದ ಮಾತು. ಮೀಸೆಯ ತುದಿಯಲ್ಲಿ ಒಂದು ಸಣ್ಣ ನಗು ಇತ್ತು, ಕಳ್ಳನದು.

ನಾಸಿರ್ ಮಾತ್ರ ಬಾಯಿ ತೆರೆದ. "ಅರೆ, ಮಹೇಂದ್ರ ಭಾಯ್..." ಎಂದವನು ಕೈಯಲ್ಲಿದ್ದ ಆರಿದ ಚಹಾವನ್ನು ತಾನೇ ಕುಡಿದ.

ಬಾಲರಾಜ ನನ್ನ ಕಡೆ ತಿರುಗಿದ. ಅವನು ಕೂಗಾಡಿದ್ದರೆ ನಾನೂ ಏನಾದರೊಂದು ಕಟ್ಟಿ ಹೇಳುತ್ತಿದ್ದೆ. ನಾಲಿಗೆಯ ತುದಿಯವರೆಗೆ ಬಂದಿತ್ತು: ಒಳಗೆ ಒಂದು ಬಿರುಕು ಕಂಡಿತ್ತು, ಗಾಡಿ ಸಿಡಿದು ನೀನು ಸಾಯುತ್ತಿದ್ದೆ, ನಿನ್ನನ್ನು ಉಳಿಸಿದೆ. ಅವನು ಕೂಗಲಿಲ್ಲ.

"ನೀನಾ?" ಎಂದ. "ನಿಂಗೆ ಗೊತ್ತಾಗ್ಲಿಲ್ವೇನೋ? ಚೆನ್ನಾಗಾಗುತ್ತೆ ಅನ್ಕೊಂಡು ಮಾಡಿದ್ಯಾ?"

ನನಗೊಂದು ದಾರಿಯನ್ನೂ ಅವನೇ ತೆರೆದುಕೊಟ್ಟಿದ್ದ. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ತಿಳಿಯದೆ ಮಾಡಿದ ಪೆದ್ದ ಎಂದು ನಾಲ್ಕು ದಿನ ನಗುತ್ತಿದ್ದರು.

"ಮೊದ್ಲು ಹಂಗೇ ಅನ್ಕೊಂಡೆ," ಎಂದೆ. "ಅರ್ಧ ಕೆಲ್ಸ ಬಿಟ್ಟಿದಾರೆ ಅಂತ. ಆದ್ರೆ ಬಾಯಿ ಸುತ್ತ ಅವ್ರು ನೀಲಿ ಬಣ್ಣ ಹಚ್ಚಿ ಗೆರೆ ಕೊರೆದಿದ್ರು. ಎಂಜಿನ್ ತೂತಿನ ಅಳತೇದು. ಆ ಗೆರೆ ಯಾಕೆ ಅಂತ ನಂಗೆ ಗೊತ್ತಿತ್ತು ಕಣೋ. ಇಷ್ಟು ವರ್ಷ ಗ್ಯಾರೇಜ್ ಇಟ್ಕೊಂಡು ಅಷ್ಟೂ ಗೊತ್ತಾಗಲ್ವಾ? ನೋಡಿದೆ. ಒಂದ್ಸಲ ಗ್ರೈಂಡರ್ ಆಫ್ ಮಾಡ್ದೆ. ಆಮೇಲೆ ಮತ್ತೆ ಆನ್ ಮಾಡಿ ಗೆರೆ ದಾಟಿಸ್ದೆ."

"ಯಾಕೋ?"

"ಅದು ಅವ್ರ ಕೆಲ್ಸ ಅಂತ ಉಳೀಬಾರ್ದು ಅಂತ. ಗಾಡಿ ಚೆನ್ನಾಗ್ ಓಡ್ಲಿ ಅಂತ ಅಲ್ಲ. ನೀನು ಟವೆಲ್ ಸುತ್ಕೊಂಡ್ ಬಂದ್ಯಲ್ಲ ಶುಕ್ರವಾರ, ಅವಾಗ್ಲಿಂದ ಅದು ಹಾಳಾದ್ರೂ ಪರ್ವಾಗಿಲ್ಲ ಅನ್ನಿಸ್ತಿತ್ತು. ನೀನ್ ಅವ್ರ ಹತ್ರ ಹೋಗ್ಬಿಡ್ತೀಯಾ ಅಂತ ಹೊಟ್ಟೆಕಿಚ್ಚು. ಇನ್ನೇನೂ ಇಲ್ಲ."

ಬಾಲರಾಜ ಮ್ಯಾನಿಫೋಲ್ಡ್ ಎತ್ತಿ, ಅಗಲವಾದ ಬಾಯಿಯ ಸುತ್ತ ಬೆರಳಾಡಿಸಿದ. ಕೀ ತೆಗೆದಿದ್ದ ಗಿರಾಕಿ ಅದನ್ನು ಜೇಬಿಗೆ ವಾಪಸು ಹಾಕಿಕೊಂಡ. ವಿರೂಪಾಕ್ಷ ಮಡಿಸಿದ ತೋಳನ್ನು ಇಳಿಸಿ ಗುಂಡಿ ಹಾಕಿಕೊಳ್ಳತೊಡಗಿದ.

ಕೊನೆಗೆ ಬಾಲರಾಜ ನನ್ನ ಮುಂದೆ ಅಂಗೈ ಚಾಚಿದ. ನನ್ನ ಮುಷ್ಟಿಯಲ್ಲಿ ಎಸ್ಟೀಮಿನ ಬೋಲ್ಟುಗಳು ಬೆವರಿನಲ್ಲಿ ಒದ್ದೆಯಾಗಿದ್ದವು. ಕೊಟ್ಟೆ. ಅವನು ಅವನ್ನು ವಿರೂಪಾಕ್ಷನ ಕೈಗೆ ಹಾಕಿ, "ನೋಡ್ರಿ, ಇದನ್ನ ಸರಿ ಮಾಡಕ್ಕಾಗುತ್ತಾ," ಎಂದ.

ನಾನು ಅಲ್ಲೇ ನಿಂತಿದ್ದೆ. ಬೆಳಗ್ಗೆ ಅವನ ಗಾಡಿಯಲ್ಲಿ ಬಂದಿದ್ದೆ, ವಾಪಸು ಹೋಗಲು ನನ್ನ ಹತ್ತಿರ ಬೇರೆ ಗಾಡಿ ಇರಲಿಲ್ಲ.